ನಮ್ಮೂರ ನಾಲೆಯ ಕಬ್ಬಿಣದ ಸೇತುವೆ

ಮದುವೆಯಾಗಿ ಭೇರ್ಯದ ಕಡೆಯ ಈ ಊರಿಗೆ ಬಂದ ಹೊಸದರಲ್ಲಿ ನನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನನ್ನ ಗಂಡ "ಕಂಪ್ಯೂಟರ್ ಕೆಲಸ" ಎಂದು ಹೇಳಿ ಮುಗಿಸಿಬಿಡುತ್ತಿದ್ದರು. ಅತ್ತೆ, "ಅದೇನೋ ಕೂತ್ಕೊಂಡು ಗೀಚ್ತಾಳೆ ಕಣ್ರವ್ವ, ನಂಗೆ ಗೊತ್ತಾಗಕಿಲ್ಲ" ಎನ್ನುತ್ತಿದ್ದರು. ಮಾವನಿಗೆ ಈ ಎರಡು ಉತ್ತರಗಳೂ ಸರಿಹೋಗಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ನನ್ನ ಮೇಜಿನ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತರು.

"ನೀನು ಮಾಡೋದು ಏನು ಅಂತ ನಂಗೆ ನೆಟ್ಟಗೆ ಯೇಳವ್ವ. ಯಾರಾದ್ರೂ ಕೇಳುದ್ರೆ ನಾನು ತೆಪ್ಪು ಯೇಳ್‌ಬಾರ್ದು."

ನಾನು ಸ್ಟೀಲ್ ಡೀಟೇಲರ್. ಉಕ್ಕಿನ ಕಟ್ಟಡವೊಂದು ಏಳಬೇಕಾದರೆ ಇಂಜಿನಿಯರು ಲೆಕ್ಕ ಹಾಕಿ, ಇಲ್ಲಿ ಇಷ್ಟು ದಪ್ಪದ ಕಂಬ, ಅಲ್ಲಿ ಇಷ್ಟು ಉದ್ದದ ತೊಲೆ ಎಂದು ಬರೆದುಕೊಡುತ್ತಾರೆ. ಅಷ್ಟನ್ನೇ ಕೈಯಲ್ಲಿ ಹಿಡಿದು ವರ್ಕ್‌ಶಾಪಿನವರು ಕಬ್ಬಿಣ ಕತ್ತರಿಸುವುದಕ್ಕೆ ಆಗುವುದಿಲ್ಲ. ತೊಲೆಯನ್ನು ಎಲ್ಲಿಗೆ ಕತ್ತರಿಸಬೇಕು, ತುದಿಗೆ ಯಾವ ಪಟ್ಟಿ ಬೆಸೆಯಬೇಕು, ಬೋಲ್ಟಿನ ತೂತು ಎಲ್ಲಿ ಬರಬೇಕು, ಬೋಲ್ಟು ತಿರುಗಿಸಲು ಸ್ಪ್ಯಾನರ್‌ಗೆ ಜಾಗ ಉಂಟೋ ಇಲ್ಲವೋ ಎಂಬುದನ್ನೆಲ್ಲ ಒಂದೊಂದು ತುಂಡಿಗೂ ಬೇರೆ ಬೇರೆ ನಕ್ಷೆ ಬರೆದು ಕೊಡಬೇಕು. ಆ ನಕ್ಷೆ ಬರೆಯುವವಳು ನಾನು. ಕಟ್ಟಡದ ಜಾಗಕ್ಕೆ ಹೋದ ಮೇಲೆ ತುಂಡುಗಳೆಲ್ಲ ಒಂದಕ್ಕೊಂದು ಕೂತುಕೊಳ್ಳಬೇಕು.

ಮಾವ ಲೋಟ ಕೆಳಗಿಟ್ಟು ಯೋಚಿಸಿದರು. "ಅಂದ್ರೆ ಟೈಲರ್ರು ಬಟ್ಟೆ ಮ್ಯಾಲೆ ಸೀಮೆಸುಣ್ಣದಲ್ಲಿ ಗೆರೆ ಆಕ್ತಾನಲ್ಲ, ಅಂಗೆ."

"ಹ್ಞೂಂ ಮಾವ, ಹಂಗೇ. ಕತ್ತರಿಸೋರು, ಹೊಲಿಯೋರು ಬೇರೆ."

"ಸರಿ ಬುಡು, ಇನ್ ಮ್ಯಾಲೆ ನಾನು ಯೇಳ್ತೀನಿ" ಎಂದರು. ಅವತ್ತಿನಿಂದ ಮನೆಗೆ ಬಂದವರಿಗೆಲ್ಲ ಅವರು ಹೇಳಿದ್ದೇ ಹೇಳಿದ್ದು. ನಮ್ಮ ಸೊಸೆ ಕಬ್ಬಿಣಕ್ಕೆ ಅಳತೆ ತೆಗೀತಾಳೆ ಎಂಬುದು ಊರಿಗೆಲ್ಲ ಗೊತ್ತಾಯಿತು. ಒಬ್ಬಾಕೆ ಮಾತ್ರ ಅರ್ಧ ಕೇಳಿಸಿಕೊಂಡು ರವಿಕೆ ಬಟ್ಟೆ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು.

ಮಾವನಿಗೆ ಕಬ್ಬಿಣ ಹೊಸದೇನಲ್ಲ. ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಹರೆಯದಲ್ಲಿ ಕೆಲವು ವರ್ಷ ಬೀಚನಹಳ್ಳಿಯಲ್ಲಿ, ಕಬಿನಿ ಅಣೆಕಟ್ಟೆಯ ಗೇಟುಗಳಿಗೆ ಗ್ರೀಸು ಹಚ್ಚುವ ತಂಡದಲ್ಲಿದ್ದರು. ಆಮೇಲೆ ಈ ಕಡೆಯ ನಾಲೆಗಳಲ್ಲಿ ನೀರುಗಂಟಿಯಾಗಿ ತೂಬು ಎತ್ತುವ, ಇಳಿಸುವ ಕೆಲಸ. ಕಬ್ಬಿಣದ ವಾಸನೆ ಎಂದರೆ ಅವರಿಗೆ ಇಷ್ಟ. ನನ್ನ ಪರದೆಯ ಮೇಲಿನ ಕಬ್ಬಿಣಕ್ಕೆ ವಾಸನೆಯಿಲ್ಲ ಎಂಬುದೊಂದೇ ಅವರಿಗಿದ್ದ ಬೇಸರ.

ನಾನು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ. ಸಿವಿಲ್ ಡಿಪ್ಲೊಮಾ ಮುಗಿಸಿ ಮೈಸೂರಿನ ಒಂದು ಚಿಕ್ಕ ಆಫೀಸಿನಲ್ಲಿ ಈ ಕೆಲಸ ಕಲಿತೆ. ಕೊರೊನಾ ಬಂದು ಆಫೀಸಿನ ಬಾಗಿಲು ಮುಚ್ಚಿದಾಗ ಎಲ್ಲರೂ ಮನೆಯಿಂದಲೇ ಕೆಲಸ ಮಾಡುವಂತಾಯಿತು. ಅದು ಹಾಗೆಯೇ ಮುಂದುವರಿಯಿತು. ಮದುವೆಯಾಗಿ ಇಲ್ಲಿಗೆ ಬಂದಾಗ ಭತ್ತದ ಮೂಟೆ ಇಡುತ್ತಿದ್ದ ಕೋಣೆಯನ್ನು ಮಾವ ತಾವೇ ಗುಡಿಸಿ, ಸುಣ್ಣ ಬಳಿದು, ನನಗೆ ಬಿಟ್ಟುಕೊಟ್ಟರು. ಕರೆಂಟು ಹೋದರೆ ಯುಪಿಎಸ್ ಕೂಗಿಕೊಳ್ಳುವ ಮೊದಲೇ ಅವರು ಅಂಗಳದಿಂದ ಕೂಗುತ್ತಿದ್ದರು, "ಮಗಾ, ಓಯ್ತು! ಉಳುಸ್ಕೊ, ಉಳುಸ್ಕೊ!" ಬರೆದಿದ್ದನ್ನು ಸೇವ್ ಮಾಡು ಎಂದು ಅರ್ಥ.

ನಾನು ಬರೆಯುತ್ತಿದ್ದುದೆಲ್ಲ ದೂರದೇಶದ ಕಟ್ಟಡಗಳು. ಆಸ್ಪತ್ರೆ, ಗೋದಾಮು, ವಿಮಾನ ನಿಲ್ಲಿಸುವ ಷೆಡ್ಡು. ನಕ್ಷೆ ಕಳಿಸಿದ ಮೇಲೆ ನನಗೂ ಅದಕ್ಕೂ ಸಂಬಂಧ ಮುಗಿಯುತ್ತಿತ್ತು. ಒಂದು ಸಲ ಮಾವನಿಗೆ ಪರದೆಯ ಮೇಲೆ ಒಂದು ಷೆಡ್ಡನ್ನು ತಿರುಗಿಸಿ ತೋರಿಸಿದೆ. ಮೇಲಿನಿಂದ, ಪಕ್ಕದಿಂದ, ಆಮೇಲೆ ಬಾಗಿಲೊಳಗಿಂದ ನುಗ್ಗಿ ತೊಲೆಗಳ ಅಡಿಯಲ್ಲಿ ಹೋಗುವಂತೆ. ತೊಲೆ ಹತ್ತಿರ ಬಂದಾಗ ಮಾವ ತಲೆ ಬಗ್ಗಿಸಿದರು. ಬಗ್ಗಿಸಿದ್ದು ತಮಗೇ ಗೊತ್ತಾಗಿ ನಕ್ಕರು. ಆಮೇಲೆ ಕೇಳಿದರು.

"ಇದುನ್ನ ನೀನು ಕಣ್ಣಾರೆ ನೋಡಿದ್ದೀಯಾ?"

"ಇಲ್ಲ ಮಾವ. ನಾನು ಬರೆದಿದ್ದು ಯಾವುದನ್ನೂ ನೋಡಿಲ್ಲ."

"ಮುಟ್ಟೂ ಇಲ್ವಾ?"

ಇಲ್ಲ ಎಂದೆ. ಅವರು ಎದ್ದು ಹೋಗುವಾಗ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು ಹೋದರು.

ನಮ್ಮೂರಿಗೂ ನಮ್ಮ ಗದ್ದೆಗಳಿಗೂ ನಡುವೆ ನಾಲೆ ಹರಿಯುತ್ತದೆ. ಗಾಡಿ ಹೋಗುವ ಸೇತುವೆ ಬಹಳ ಆಚೆಗಿದೆ. ಹತ್ತಿರದಲ್ಲಿ ದಾಟುವುದಕ್ಕೆ ಇದ್ದದ್ದು ಜೋಡಿಸಿ ಹಾಕಿದ್ದ ತೆಂಗಿನ ಮರದ ದಿಮ್ಮಿಗಳು ಮಾತ್ರ. ಹೆಂಗಸರು ಹುಲ್ಲಿನ ಹೊರೆ ಹೊತ್ತು ಅದರ ಮೇಲೆ ನಡೆಯುವುದನ್ನು ನೋಡಿದರೆ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ದನಗಳನ್ನಂತೂ ದೂರದ ಸೇತುವೆ ಸುತ್ತಿಸಿಕೊಂಡೇ ಹೋಗಬೇಕು. ವರ್ಷಗಟ್ಟಲೆ ಅರ್ಜಿ ಕೊಟ್ಟ ಮೇಲೆ ಅಲ್ಲಿಗೊಂದು ಕಬ್ಬಿಣದ ಕಾಲುಸೇತುವೆ ಮಂಜೂರಾಯಿತು. ಕೆಲಸ ಸಿಕ್ಕಿದ್ದು ಹುಣಸೂರಿನಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಒಬ್ಬರಿಗೆ. ಅವರು ಜಾಗ ನೋಡಲು ಬಂದ ದಿನ ಮಾವ ನಾಲೆಯ ಏರಿಯ ಮೇಲೇ ಇದ್ದರು. ಡ್ರಾಯಿಂಗ್ ಬರೆಯುವವರನ್ನು ಮೈಸೂರಿನಲ್ಲಿ ಹುಡುಕಬೇಕು, ಅವರು ಸಿಗುವುದು ಕಷ್ಟ ಎಂದು ಆತ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಮಾವನ ಕಿವಿಗೆ ಬಿತ್ತು.

"ಮೈಸೂರ್‌ಗೆ ಯಾಕೋಯ್ತೀರಿ?" ಎಂದರಂತೆ. "ನಮ್ಮನೇಲೇ ಅವ್ಳೆ. ಬನ್ನಿ."

ನಾನು ದೋಸೆ ಹುಯ್ಯುತ್ತಿದ್ದೆ. ಮಾವನ ಹಿಂದೆ ಅಪರಿಚಿತರೊಬ್ಬರು ನಡುಮನೆಗೆ ಬಂದು ನಿಂತರು. ಕೈಯಲ್ಲಿ ಸುರುಳಿ ಸುತ್ತಿದ ಕಾಗದ. ಅವರಿಗೂ ಮುಜುಗರ, ನನಗೂ ಮುಜುಗರ.

"ಯಜಮಾನ್ರು ಯೇಳುದ್ರು, ನೀವು ಡ್ರಾಯಿಂಗ್ ಮಾಡ್ತೀರಿ ಅಂತ... ಅಮೆರಿಕಾದ್ದು ಮಾಡೋರು ನಮ್ದು ಮಾಡ್ತೀರಾ ಮೇಡಂ?"

ಕೈ ಒರೆಸಿಕೊಂಡು ಕಾಗದ ಬಿಡಿಸಿ ನೋಡಿದೆ. ಎರಡು ದಡಕ್ಕೆ ಎರಡು ಕಾಂಕ್ರೀಟ್ ಕಟ್ಟೆ, ಅವುಗಳ ಮೇಲೆ ಜೋಡಿ ತೊಲೆ, ತೊಲೆಗಳ ನಡುವೆ ಅಡ್ಡಪಟ್ಟಿಗಳು, ಮೇಲೆ ನಡೆಯಲು ಕಬ್ಬಿಣದ ಜಾಲರಿ, ಎರಡೂ ಪಕ್ಕಕ್ಕೆ ಕೈ ಹಿಡಿಯಲು ಕಟಾಂಜನ. ನಾನು ಬರೆಯುವ ಆಸ್ಪತ್ರೆಗಳ ಮುಂದೆ ಇದು ಒಂದು ಮೂಲೆಗೂ ಸಾಲದು. ಆದರೂ ಇನ್ನೊಮ್ಮೆ ಮೊದಲಿನಿಂದ ನೋಡಿದೆ. "ಮಾಡ್ತೀನಿ" ಎಂದೆ. ಒಲೆಯ ಮೇಲಿನ ದೋಸೆ ಸೀದು ಹೋಗಿತ್ತು.

ಕಾಂಕ್ರೀಟ್ ಕಟ್ಟೆಗಳು ಎದ್ದ ಮೇಲೆ, ಅವುಗಳಲ್ಲಿ ಹುಗಿದಿದ್ದ ಬೋಲ್ಟುಗಳ ಅಳತೆಯನ್ನು ನಾನೇ ತೆಗೆಯುತ್ತೇನೆ ಎಂದು ಹೇಳಿದ್ದೆ. ಕಾಗದದ ಮೇಲಿನ ಅಳತೆಗೂ ನೆಲದ ಮೇಲಿನ ಅಳತೆಗೂ ಸ್ವಲ್ಪ ಹೆಚ್ಚುಕಡಿಮೆ ಬರುವುದು ಈ ಕೆಲಸದಲ್ಲಿ ಸಾಮಾನ್ಯ. ಟೇಪಿನ ಒಂದು ತುದಿ ಮಾವನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ನಾಲೆಯಲ್ಲಿ ನೀರು ನಿಲ್ಲಿಸಿದ್ದ ಬೇಸಿಗೆ ಅದು. ಮಾವ ಆಚೆ ದಡದಲ್ಲಿ ಕುಕ್ಕರಗಾಲಲ್ಲಿ ಕೂತು ಟೇಪು ಎಳೆದು ಹಿಡಿದರು. ನಿರೀಕ್ಷಿಸಿದ್ದಂತೆ ಆ ದಡದ ಬೋಲ್ಟುಗಳು ಒಂದು ಬೆರಳಗಲ ಆಚೆ ಹೋಗಿದ್ದವು.

ಸೇತುವೆಯ ಲೆಕ್ಕ ಹಾಕಿದ್ದ ಇಂಜಿನಿಯರಿಗೆ ಫೋನು ಮಾಡಿದೆ. ಚಿಕ್ಕ ವಯಸ್ಸಿನವರು, ಸಮಾಧಾನದ ಮನುಷ್ಯ. "ತೊಲೆಯನ್ನು ಅಷ್ಟು ಉದ್ದ ಮಾಡಿ ಮೇಡಂ. ಆ ತುದಿಯಲ್ಲಿ ಹೇಗೂ ತೂತು ಉದ್ದಕ್ಕೇ ಇರಬೇಕು" ಎಂದರು. ಅದು ನನಗೂ ಗೊತ್ತಿದ್ದ ವಿಷಯ. ಫೋನಿಟ್ಟ ಮೇಲೆ ಮಾವ ಕೇಳಿದರು.

"ಆ ಕಡೆ ತೂತು ಯಾಕೆ ಉದ್ದ?"

"ಬಿಸಿಲಿಗೆ ಕಬ್ಬಿಣ ಸ್ವಲ್ಪ ಬೆಳೆಯುತ್ತೆ ಮಾವ. ಒಂದು ಕಡೆ ಗಟ್ಟಿಯಾಗಿ ಹಿಡಿದು, ಇನ್ನೊಂದು ಕಡೆ ಜರುಗೋದಕ್ಕೆ ಜಾಗ ಬಿಡಬೇಕು."

ಮಾವ ಖುಷಿಯಾಗಿಬಿಟ್ಟರು. "ಅಂಗೇ ಕಣವ್ವ! ನಮ್ಮ ತೂಬುಗಳು ಬೇಸ್ಗೇಲಿ ಬಿಗಿಯಾಗೋವು. ಎಷ್ಟು ತಿರುಗಿಸುದ್ರೂ ಏಳ್ತಿರ್ನಿಲ್ಲ. ತಣ್ಣೀರು ಉಯ್ದು ಎತ್ತುತಿದ್ವಿ." ಅಲ್ಲಿಂದ ಮನೆ ತಲುಪುವವರೆಗೆ ತೂಬುಗಳದ್ದೇ ಮಾತು. ಅಷ್ಟು ವರ್ಷ ಆ ಮನೆಯಲ್ಲಿದ್ದೂ ನಾನು ಅವರ ಕೆಲಸದ ಬಗ್ಗೆ ಅಷ್ಟೊಂದು ಕೇಳಿದ್ದು ಅವತ್ತೇ ಮೊದಲು.

ನಕ್ಷೆಗಳನ್ನು ಬರೆದು ಕಳಿಸಿದೆ. ಕೆಲವು ವಾರ ಕಳೆದ ಮೇಲೆ ಹುಣಸೂರಿನವರು ಫೋನು ಮಾಡಿದರು. "ಮೇಡಂ, ಪೇಂಟ್ ಹೊಡೆಯೋಕೆ ಮುಂಚೆ ಒಂದ್ಸಲ ಬಂದು ನೋಡ್ಕೊಂಡು ಹೋಗಿ." ಮಾವ ಆಗಲೇ ಬಿಳಿ ಪಂಚೆ ಉಟ್ಟು ಬಾಗಿಲಲ್ಲಿ ನಿಂತಿದ್ದರು. ಕೆ.ಆರ್. ನಗರಕ್ಕೆ ಬಂದು, ಅಲ್ಲಿಂದ ಹುಣಸೂರಿನ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಪಕ್ಕ ಕೂತವರಿಗೂ ಮಾವ ನಾವು ಎಲ್ಲಿಗೆ ಹೋಗುತ್ತಿದ್ದೇವೆಂದು ಹೇಳಿದರು.

ವರ್ಕ್‌ಶಾಪ್ ಎಂದರೆ ತಗಡಿನ ಚಾವಣಿಯ ಉದ್ದನೆಯ ಷೆಡ್ಡು. ಒಳಗೆ ವೆಲ್ಡಿಂಗಿನ ನೀಲಿ ಬೆಳಕು, ಗ್ರೈಂಡರಿನ ಕಿರುಚು. ನೆಲದ ಮೇಲೆ ಮರದ ತುಂಡುಗಳನ್ನಿಟ್ಟು ಅವುಗಳ ಮೇಲೆ ತೊಲೆಗಳನ್ನು ಮಲಗಿಸಿದ್ದರು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಗುರುತು ಬರೆದಿತ್ತು. ಅವು ನಾನು ಕೊಟ್ಟ ಗುರುತುಗಳು. ಭತ್ತದ ಕೋಣೆಯಲ್ಲಿ ಕೂತು, ಹೊರಗೆ ಕೋಳಿ ಕೂಗುವಾಗ, ನಾನು ಇಟ್ಟ ಹೆಸರುಗಳು. ಬಗ್ಗಿ ಒಂದು ಪಟ್ಟಿಯ ತೂತಿನೊಳಗೆ ಬೆರಳು ತೂರಿಸಿದೆ. ಅಂಚು ತಣ್ಣಗೆ ನುಣ್ಣಗಿತ್ತು. ಅಷ್ಟು ವರ್ಷಗಳಿಂದ ಸಾವಿರಾರು ತೂತು ಬರೆದವಳು ನಾನು, ಒಂದನ್ನೂ ಮುಟ್ಟಿರಲಿಲ್ಲ. ಯಾಕೋ ಕಣ್ಣು ತುಂಬಿಕೊಂಡಿತು. ವೆಲ್ಡಿಂಗ್ ಹೊಗೆ ಎಂದು ಸೆರಗಿನಲ್ಲಿ ಒರೆಸಿಕೊಂಡೆ. ಮಾವ ನೋಡಿದರೂ ನೋಡದವರಂತೆ ತೊಲೆಯ ಮೇಲೆ ಕೈಯಾಡಿಸುತ್ತಾ, "ಒಳ್ಳೇ ಮಾಲು, ಒಳ್ಳೇ ಮಾಲು" ಎಂದು ವರ್ಕ್‌ಶಾಪಿನವರನ್ನು ಹೊಗಳುತ್ತಿದ್ದರು. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ನನಗೆ ಮಸಾಲೆ ದೋಸೆ ಕೊಡಿಸಿದರು. ತಾವು ಬರೀ ಕಾಫಿ ಕುಡಿದರು.

ಸೇತುವೆ ನಿಲ್ಲಿಸುವ ದಿನ ಊರಿಗೂರೇ ಏರಿಯ ಮೇಲೆ ಬಂದು ಕೂತಿತು. ಲಾರಿಯಲ್ಲಿ ತೊಲೆಗಳು ಬಂದವು, ಹಿಂದೆಯೇ ಕ್ರೇನು. ಅತ್ತೆ ಒಂದು ಕೊಡ ಮಜ್ಜಿಗೆ ಮಾಡಿಸಿ ತಂದಿದ್ದರು. ಮೊದಲ ತೊಲೆ ಮೇಲೆದ್ದು ಗಾಳಿಯಲ್ಲಿ ನಿಧಾನಕ್ಕೆ ತಿರುಗಿತು. ಎರಡೂ ದಡದಲ್ಲಿ ಕೆಲಸದವರು ಹಗ್ಗ ಹಿಡಿದು ಅದನ್ನು ಕಟ್ಟೆಯ ಮೇಲಿನ ಬೋಲ್ಟುಗಳ ನೇರಕ್ಕೆ ತಂದರು. ಪರದೆಯ ಮೇಲೆ ಎಲ್ಲವೂ ಕೂತುಕೊಳ್ಳುತ್ತದೆ. ಇಲ್ಲಿ ಬಿಸಿಲಿದೆ, ಗಾಳಿಯಿದೆ, ಊರಿನವರೆಲ್ಲ ನೋಡುತ್ತಿದ್ದಾರೆ. ತೊಲೆ ಇಳಿಯಿತು. ಬೋಲ್ಟುಗಳು ತೂತಿನಿಂದ ಮೊಳಕೆಯಂತೆ ಮೇಲೆ ಬಂದವು. ಮಾವ ಶಿಳ್ಳೆ ಹಾಕಿದರು. ಅವರಿಗೆ ಶಿಳ್ಳೆ ಹಾಕಲು ಬರುತ್ತದೆಂದು ಅತ್ತೆಗೇ ಗೊತ್ತಿರಲಿಲ್ಲವಂತೆ.

ಎರಡನೆಯ ತೊಲೆಯೂ ಕೂತಿತು. ಅಡ್ಡಪಟ್ಟಿಗಳನ್ನು ಬಿಗಿಯುವಾಗ ಒಂದು ಮಾತ್ರ ಕೂತುಕೊಳ್ಳಲೇ ಇಲ್ಲ. ತೊಲೆಯ ಮೇಲೆ ಕೂತಿದ್ದ ಕೆಲಸದವನೊಬ್ಬ ಕೂಗಿದ. "ಡ್ರಾಯಿಂಗ್ ರಾಂಗೈತೆ ಸಾರ್, ತೂತು ಬರ್ತಾ ಇಲ್ಲ!"

ಏರಿಯ ಮೇಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಕ್ಷೆ ಬಿಡಿಸಿಕೊಂಡು ಕಟ್ಟೆಯ ಹತ್ತಿರ ಹೋದೆ. ಪಟ್ಟಿಯ ಮೇಲಿನ ಗುರುತು ನೋಡಿದೆ. "ಅಣ್ಣಾ, ಗುರುತು ಇರೋ ತುದಿ ನಿಮ್ಮ ಎಡಗೈ ಕಡೆಗೆ ಬರಬೇಕು. ಒಂದ್ಸಲ ತಿರುಗಿಸಿ ನೋಡ್ತೀರಾ?" ಆತ ತಿರುಗಿಸಿದ. ಸ್ಪ್ಯಾನರಿನ ಮೊನಚು ಹಿಡಿಯನ್ನು ತೂತಿಗೆ ತೂರಿಸಿ ಸ್ವಲ್ಪ ಮೀಟಿದ. ಬೋಲ್ಟು ಸರಕ್ಕನೆ ಒಳಗೆ ಹೋಯಿತು. "ಸಾರಿ ಅಕ್ಕಾ, ನಂದೇ ಉಲ್ಟಾ" ಎಂದು ಮೇಲಿನಿಂದಲೇ ನಕ್ಕ. ನಾನೂ ನಕ್ಕೆ. ಹಾಗೆ ಉಲ್ಟಾ ಹಿಡಿಯುವುದು ಯಾರಿಗೂ ಆಗುವಂಥದ್ದೇ. ಅದಕ್ಕೇ ಗುರುತು ಹಾಕುವುದು. ಅತ್ತೆ ಅವನಿಗೆ ಮೊದಲ ಲೋಟ ಮಜ್ಜಿಗೆ ಕೊಟ್ಟರು.

ಜಾಲರಿ ಹಾಸಿ, ಕಟಾಂಜನ ಕೂರಿಸಿ, ಪೇಂಟು ಒಣಗಿದ ಮೇಲೆ ಒಂದು ಬೆಳಿಗ್ಗೆ ತೆಂಗಿನಕಾಯಿ ಒಡೆದರು. ಎಲ್ಲರೂ ಒಂದೊಂದು ಸಲ ಆಚೆ ಹೋಗಿ ಈಚೆ ಬಂದರು. ಮಾವ ಎಷ್ಟು ಸಲ ಓಡಾಡಿದರೋ ನಾನು ಎಣಿಸಲಿಲ್ಲ. ಆಗ ಅತ್ತೆ ತಮ್ಮ ಹಸುವನ್ನು ಹಿಡಿದುಕೊಂಡು ಬಂದರು. ಇನ್ನು ಮೇಲೆ ಸುತ್ತಿಕೊಂಡು ಹೋಗುವ ಕಷ್ಟವಿಲ್ಲ ಎಂಬ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು.

ಹಸು ಕಟ್ಟೆಯವರೆಗೆ ಬಂತು. ಜಾಲರಿಯ ಮೇಲೆ ಮೂಗಿಟ್ಟು ಮೂಸಿತು. ಕಿಂಡಿಗಳಿಂದ ಕೆಳಗೆ ನಾಲೆಯ ಆಳ ಕಾಣುತ್ತಿತ್ತು. ಅದು ಕಾಲು ಹಿಂದಕ್ಕಿಟ್ಟಿತು. ಅತ್ತೆ ಹಗ್ಗ ಎಳೆದರು. ಮಾವ ಹಿಂದಿನಿಂದ ತಳ್ಳಿದರು. ಬೂಸಾ ತೋರಿಸಿದರು, ಬಾಳೆಹಣ್ಣು ತೋರಿಸಿದರು. ಹಸು ಅಲ್ಲೇ ನಿಂತುಕೊಂಡು ಸಗಣಿ ಹಾಕಿತು. ಏರಿಯ ಮೇಲಿನ ಜನಕ್ಕೆ ನಗು ತಡೆಯಲಾಗಲಿಲ್ಲ.

"ನಗ್ತೀರಾ, ನಗ್ರಿ" ಎಂದು ಅತ್ತೆ ಸಿಡುಕಿದರು. "ನಿಮ್ಮ ದನಾನೂ ತತ್ತನ್ನಿ, ನೋಡಾನ."

ತಂದರು. ಒಂದೂ ದಾಟಲಿಲ್ಲ. ನಗು ನಿಂತು ಎಲ್ಲರೂ ತಲೆ ಕೆರೆದುಕೊಂಡರು. ಜಾಲರಿ ಹಾಕಿದ್ದರಲ್ಲಿ ಯಾರ ತಪ್ಪೂ ಇರಲಿಲ್ಲ. ಮಳೆನೀರು ನಿಲ್ಲುವುದಿಲ್ಲ, ಕಾಲು ಜಾರುವುದಿಲ್ಲ, ಭಾರ ಕಡಿಮೆ. ಕಾಗದದ ಮೇಲೆ ಅದು ಕಾಲುಸೇತುವೆ, ಮನುಷ್ಯರು ನಡೆಯುವುದಕ್ಕೆ. ದನಗಳೂ ಜೊತೆಗೆ ಬರುತ್ತವೆಯೇ ಎಂದು ಕೇಳಿದವರೂ ಇಲ್ಲ, ಬರುತ್ತವೆ ಎಂದು ಹೇಳಿದವರೂ ಇಲ್ಲ.

ನಾನು ಇಂಜಿನಿಯರಿಗೆ ಫೋನು ಮಾಡಿ ನಡೆದದ್ದು ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ, "ದನಗಳ ಭಾರ ಹಿಡಿದು ಇನ್ನೊಂದ್ಸಲ ಲೆಕ್ಕ ನೋಡಬೇಕು ಮೇಡಂ, ಸುಮ್ಮನೆ ಹ್ಞೂಂ ಅನ್ನಲ್ಲ" ಎಂದರು. ಅಲ್ಲಿಯವರೆಗೆ ದನ ಹತ್ತಿಸಬೇಡಿ ಎಂದೂ ಎಚ್ಚರಿಸಿದರು. ಮಾವ ಒಂದು ಅಡ್ಡಗೋಲು ಕಟ್ಟಿ ಕಾವಲಿಗೆ ಕೂತೇಬಿಟ್ಟರು. ಕೊನೆಗೆ ಇಂಜಿನಿಯರ ಉತ್ತರ ಬಂತು. ತೊಲೆಗಳು ತಡೆಯುತ್ತವೆ, ಆದರೆ ಒಂದು ಸಲಕ್ಕೆ ಒಂದೇ ದನ ಹೋಗಬೇಕು. ಜಾಲರಿಯ ಮೇಲೆ ನಡುವಿಗೆ, ಕಾಲು ಜಾರದಂಥ ಗೀರುಗೀರಿನ ಉಕ್ಕಿನ ಹಲಗೆ ಹಾಸಿ ಬೋಲ್ಟು ಹಾಕಬಹುದು.

ನಾನು ಆ ಹಲಗೆಗಳನ್ನು ಬರೆಯಲು ಕೂತೆ. ನನ್ನ ಕೋಣೆಗೆ ಯಾವತ್ತೂ ಬಂದು ಕೂರದ ಅತ್ತೆ ಅವತ್ತು ಬಂದು ಮಾವನ ಮಣೆಯ ಮೇಲೆ ಕೂತರು.

"ಇದು ನಮ್ಮ ಹಸೀಗೇನಾ?"

"ಹ್ಞೂಂ ಅತ್ತೆ. ಅದರ ಕಾಲಿಗೆ."

ಅವರು ಪರದೆಯನ್ನೇ ನೋಡಿದರು. "ಮೂಲೆ ಚೂಪಾಗೈತೆ ಕಣವ್ವ. ಗೊರಸಿಗೆ ತಾಕ್ತದೆ."

"ಗುಂಡಗೆ ಮಾಡ್ತೀನಿ ಅತ್ತೆ" ಎಂದು ಮೂಲೆಗಳನ್ನು ತಿದ್ದಿದೆ. "ಆ, ಈಗ ಸರಿ ಓಯ್ತು" ಎಂದರು. ಎದ್ದು ಹೋಗುವಾಗ ಮಾವನಿಗೆ ಕೇಳಿಸುವಂತೆ, "ಇಷ್ಟ್ ದಿನ ನೀವು ಯೇಳುದ್ದೇನೂ ನಂಗೆ ತಿಳೀನಿಲ್ಲ. ಇವ್ಳು ಒಂದ್ಸಲ ತೋರುಸುದ್ಲು, ತಿಳೀತು" ಎಂದರು. ಮಾವ ಬಾಗಿಲಲ್ಲಿ ನಿಂತು ಪೆಚ್ಚುನಗೆ ನಕ್ಕರು.

ಹಲಗೆಗಳು ಬಂದು ಕೂತ ಮೇಲೂ ಹಸು ಅನುಮಾನಿಸಿತು. ಆಗ ಅತ್ತೆ ಅದರ ಕರುವನ್ನು ಮುಂದೆ ಬಿಟ್ಟರು. ಕರುವಿಗೆ ಭಯ ಎಂಬುದೇ ಇಲ್ಲ. ಹಲಗೆಯ ಮೇಲೆ ಟಕಟಕ ಸದ್ದು ಮಾಡುತ್ತಾ ಓಡಿ ಆಚೆ ದಡದಲ್ಲಿ ನಿಂತು ಅಂಬಾ ಎಂದಿತು. ಹಸು ಒಮ್ಮೆ ಕೂಗಿ, ಕತ್ತು ಚಾಚಿ, ಒಂದೊಂದೇ ಹೆಜ್ಜೆ ಇಟ್ಟು ದಾಟಿಬಿಟ್ಟಿತು. ಅತ್ತೆ ಹಗ್ಗ ಹಿಡಿದುಕೊಂಡು ಅದರ ಹಿಂದೆ ಓಡಿದರು.

ಈಗ ಸಂಜೆಯ ಹೊತ್ತು ಮಾವ ಆ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೊಸಬರು ಯಾರಾದರೂ ದಾಟಿದರೆ, "ಇದು ನಮ್ಮ ಸೊಸೆ ಮಾಡಿದ್ದು" ಎನ್ನುತ್ತಾರೆ. ಲೆಕ್ಕ ಹಾಕಿದ್ದು ಇಂಜಿನಿಯರು, ಕತ್ತರಿಸಿ ಬೆಸೆದದ್ದು ಹುಣಸೂರಿನವರು, ನಿಲ್ಲಿಸಿದ್ದು ಆ ಅಣ್ಣಂದಿರು, ನಾನು ಬರೆದುಕೊಟ್ಟೆ ಅಷ್ಟೇ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. "ಅವ್ರೆಲ್ಲ ಅವ್ರವ್ರ ಊರಲ್ಲಿ ಯೇಳ್ಕೊಳ್ಳಿ ಬುಡು. ನಾನು ನಮ್ಮನೇದು ಯೇಳ್ತೀನಿ" ಎಂಬುದು ಅವರ ಉತ್ತರ.

ನಾಲೆಗೆ ನೀರು ಬಿಟ್ಟ ಮೇಲೆ ನಾಟಿಯ ಕೆಲಸ ಶುರುವಾಯಿತು. ಒಂದು ಬೆಳಿಗ್ಗೆ, ಕೆಲಸಕ್ಕೆ ಕೂರುವ ಮೊದಲು ಸೇತುವೆಯ ಹತ್ತಿರ ಹೋದೆ. ಪೈರಿನ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು ಹೆಂಗಸರು ಸಾಲಾಗಿ ದಾಟುತ್ತಿದ್ದರು. ಪೈರಿನಿಂದ ನೀರು ತೊಟ್ಟಿಕ್ಕಿ ಹಲಗೆಯ ಮೇಲೆ ಬಿದ್ದು, ಜಾಲರಿಯಿಂದ ನಾಲೆಗೆ ಇಳಿಯುತ್ತಿತ್ತು. ಸೇತುವೆ ಅವರ ನಡಿಗೆಗೆ ಸಣ್ಣಗೆ ಮಿಡಿಯುತ್ತಿತ್ತು. ಕಟಾಂಜನದ ಮೇಲೆ ಕೈಯಿಟ್ಟು ಆ ಮಿಡಿತವನ್ನು ಕೇಳುತ್ತಾ ನಿಂತಿದ್ದೆ. ಪಕ್ಕದ ಊರಿನಿಂದ ನಾಟಿಗೆ ಬಂದಿದ್ದ ಒಬ್ಬಾಕೆ, ನನ್ನ ಪರಿಚಯವೇ ಇಲ್ಲದವಳು, ನನ್ನೆದುರು ನಿಂತಳು.

"ಏನವ್ವ, ದಾರೀಲಿ ನಿಂತ್ಕೊಂಡು ನೋಡ್ತಿದ್ದೀಯಲ್ಲ. ಇದುನ್ನ ಇಸ್ಕೊ, ಆಚೆಗಂಟ."

ಎರಡು ಕಟ್ಟು ಪೈರು ನನ್ನ ಕೈಗೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳ ಹಿಂದೆ ಹೊರಟೆ.